ಅಂಗವಿಕಲರ ವಿಷಯದಲ್ಲಿ ಸರ್ಕಾರಿ ಆಫೀಸೇ ಯಾಕೆ ಮೊದಲು ಮಾದರಿ ಆಗ್ಬೇಕು?
ಖಾಸಗಿಯವ್ರಿಗೆ ಹೇಳೋ ಮುಂಚೆ ಸರ್ಕಾರಿ ಆಫೀಸೇ ಯಾಕೆ ಸರಿಯಾಗ್ಬೇಕು ಅಂತ ಕೇಳಿದೀರ. ಪಿಂಚಣಿ, ಜಾತಿ ಸರ್ಟಿಫಿಕೇಟ್ ಅಂತ ತುಂಬಾ ಜನ ಅಲ್ಲಿಗೇ ಹೋಗ್ತಾರಲ್ವಾ, ಅದನ್ನ ಖಾಸಗಿಯವ್ರು ಕೊಡಲ್ಲ, ಅದಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಅವ್ರಿಗೆ ಕನಿಷ್ಠ 4% ಮೀಸಲಾತಿ ಕೊಡ್ಬೇಕು ಅನ್ನತ್ತೆ, ಹಾಗಾಗಿ ಅಲ್ಲಿ ಕೆಲಸ ಮಾಡೋ ಅಂಗವಿಕಲರಿಗೂ ಆಫೀಸು ಸರಿ ಇರ್ಬೇಕು.

ನಮ್ಮ ಹಾಸನದ ಕಡೆ ಒಂದು ಆಫೀಸಲ್ಲಿ ರ‍್ಯಾಂಪ್ ಏನೋ ಇದೆ, ಆದ್ರೆ ಎಷ್ಟು ಕಡಿದಾಗಿದೆ ಅಂದ್ರೆ ವೀಲ್‌ಚೇರಲ್ಲಿರೋ ನಮ್ಮತ್ತೇನ ಇಬ್ರು ಸೇರಿ ತಳ್ಳಿ ಹತ್ತಿಸ್ಬೇಕಾಯ್ತು. ರ‍್ಯಾಂಪು ಒಂದಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಇರ್ಬೇಕು, ಅಂದ್ರೆ ಮೂರು ಮೆಟ್ಲಿನ ಒಂದೂವರೆ ಅಡಿಗೆ 18 ಅಡಿ. ಅದನ್ನ ಸರಿಯಾಗಿ ಕಟ್ಟಿದ ಒಂದು ಆಫೀಸು ಊರಲ್ಲಿದ್ರೆ ಬ್ಯಾಂಕು, ಕಲ್ಯಾಣ ಮಂಟಪದವ್ರೂ ಮೇಸ್ತ್ರೀನ ಕರ್ಕೊಂಡ್ಹೋಗಿ ತೋರಿಸಿ ಹಂಗೇ ಕಟ್ಟಿಸ್ಬಹುದು.