ಹಳೆಯ ಸ್ಪೆಕ್ಟ್ರಮ್ ಕೊಳ್ಳಲಾ, ಎಮ್ಯುಲೇಟರ್ ಸಾಕಾ?
ಚಿಕ್ಕಂದಿನಲ್ಲಿ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದ, ಆಟ ಆಡಿದ ಕಂಪ್ಯೂಟರ್ ತುಂಬಾ ನೆನಪಾಗುತ್ತಿದೆ, ಹಳೆಯ ಯಂತ್ರವನ್ನೇ ಕೊಳ್ಳಲಾ, ಇಲ್ಲ ಈಗಿನ ಕಂಪ್ಯೂಟರಿನಲ್ಲೇ ಅದರಂತೆ ನಡೆಯುವ ಎಮ್ಯುಲೇಟರ್ ಪ್ರೋಗ್ರಾಮ್ ಸಾಕಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ, ಪ್ರೋಗ್ರಾಮುಗಳನ್ನು ಸದ್ದಾಗಿ ತುಂಬಿಡುತ್ತಿದ್ದ ಕ್ಯಾಸೆಟ್ಟಿನ ಆ ಕೀರಲು ಸದ್ದು ನನ್ನ ಕಿವಿಗೆ ಬಂತು. ನನ್ನದೂ ಸ್ಪೆಕ್ಟ್ರಮ್, 1982ರಲ್ಲಿ ಬಂದ ಮಾದರಿ. 48 ಕೆಬಿ ಮೆಮೊರಿ, ರಬ್ಬರ್ ಕೀಗಳು.

ಮ್ಯಾನಿಕ್ ಮೈನರ್ ಅನ್ನುವ ಗುಹೆಯ ಆಟ ಆಡಿ ಆಡಿ, ನಾನೂ ಒಂದು ಗುಹೆಯ ಆಟ ಬರೆಯಬೇಕು ಅನ್ನಿಸಿತು. ಅದಕ್ಕೊಂದು ಬಾವಲಿ ಬೇಕಿತ್ತು. ಚೌಕುಳಿ ಹಾಳೆಯಲ್ಲಿ ಎಂಟಕ್ಕೆ ಎಂಟು ಮನೆ ಹಾಕಿ, ತುಂಬಿದ ಮನೆಗೆ 1, ಖಾಲಿ ಮನೆಗೆ 0 ಬರೆದೆ. ಸಾಲಿಗೊಂದು ಬೈಟ್. ಎಂಟನ್ನೂ ಪೋಕ್ ಆಜ್ಞೆಯಿಂದ ಮೆಮೊರಿಗೆ ಹಾಕಿ, ಗ್ರಾಫಿಕ್ಸ್ ಮೋಡಿನಲ್ಲಿ 'ಎ' ಒತ್ತಿದರೆ ಪರದೆ ಮೇಲೆ ಬಾವಲಿ! ರೆಕ್ಕೆ ಇಳಿಸಿದ ಇನ್ನೊಂದನ್ನು 'ಬಿ'ಯಲ್ಲಿ ಇಟ್ಟೆ. ಎರಡನ್ನೂ ಬದಲಿಸುತ್ತಾ ತೋರಿಸಿದಾಗ ಅದು ಹಾರಿತು. ಅವತ್ತಿನಷ್ಟು ಖುಷಿ ನನಗೆ ಆಮೇಲೆ ಯಾವ ಪ್ರೋಗ್ರಾಮ್ ಬರೆದಾಗಲೂ ಆಗಿಲ್ಲ.

ಆ ಆಟ ಈಗ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟೇಪ್ ರೆಕಾರ್ಡರಿಗೆ ಎರಡು ವೈರ್ ಇರುತ್ತಿದ್ದವು, ಲೋಡ್ ಮಾಡಲು ಇಯರ್, ಸೇವ್ ಮಾಡಲು ಮೈಕ್. ಸೇವ್ ಮಾಡುವಾಗ ಇಯರ್ ವೈರ್ ಕಿತ್ತಿಡಬೇಕು. ಇಲ್ಲದಿದ್ದರೆ ಕೆಲವು ರೆಕಾರ್ಡರುಗಳಲ್ಲಿ ಸದ್ದು ಸುತ್ತಿ ಸುತ್ತಿ ಬಂದು ರೆಕಾರ್ಡಿಂಗ್ ಕೆಡುತ್ತದೆ. ನಾನು ಅವತ್ತು ಕೀಳಲಿಲ್ಲ. ಸೇವ್ ಮುಗಿದ ಮೇಲೆ ಪರದೆಯಲ್ಲಿ ಓಕೆ ಅಂತ ಬಂತು. ನಾನು ಅದನ್ನು ನಂಬಿದೆ. ರೆಕಾರ್ಡರ್ ಬಂದ್ ಆಗಿದ್ದರೂ ಅದು ಓಕೆ ಅಂತಲೇ ಹೇಳುತ್ತದೆ. ಸದ್ದು ಹೊರಗೆ ಕಳಿಸಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು, ಟೇಪಿಗೆ ಏನು ಹತ್ತಿತು ಅಂತ ಗೊತ್ತಿಲ್ಲ. ಅದನ್ನು ನೋಡಲಿಕ್ಕೇ ವೆರಿಫೈ ಅನ್ನುವ ಆಜ್ಞೆ ಇದ್ದದ್ದು. ಟೇಪಿನಲ್ಲಿರುವುದನ್ನು ಮೆಮೊರಿ ಜೊತೆ ತಾಳೆ ಹಾಕುತ್ತದೆ. ತಪ್ಪಿದ್ದರೂ ಪ್ರೋಗ್ರಾಮ್ ಇನ್ನೂ ಮೆಮೊರಿಯಲ್ಲೇ ಇರುತ್ತದೆ, ಮತ್ತೆ ಸೇವ್ ಮಾಡಿದರಾಯಿತು. ಆದರೆ ಸೇವ್ ಅನ್ನುವ ಇಡೀ ಪದಕ್ಕೆ ಒಂದೇ ಕೀ, ವೆರಿಫೈಗೆ ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ, ಆಮೇಲೆ ಸಿಂಬಲ್ ಶಿಫ್ಟ್ ಹಿಡಿದು 'ಆರ್'. ನನಗೆ ನಿದ್ದೆ ಬಂದಿತ್ತು. ಸ್ವಿಚ್ ತೆಗೆದೆ. ಅದಕ್ಕಿಂತ ದೊಡ್ಡ ತಪ್ಪು, ಹಳೆಯ ಪ್ರತಿಯ ಮೇಲೆಯೇ ಸೇವ್ ಮಾಡಿದ್ದೆ. ಮರುದಿನ ಲೋಡ್ ಕೊಟ್ಟು ಕೂತೆ. ಕೆಂಪು ತಿಳಿನೀಲಿ ಪಟ್ಟಿ ಬಂದು ಬಂದು ಕದಡಿತು, ಪ್ರೋಗ್ರಾಮಿನ ಹೆಸರು ಬರಲೇ ಇಲ್ಲ. ಮುನ್ನೂರು ಸಾಲು ಹೋಯಿತು.

ಹಾಗಾಗಿ ಯಂತ್ರವೋ ಎಮ್ಯುಲೇಟರೋ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮಗೆ ಬೇಕಿರುವುದು ಆ ಡಬ್ಬ ಅಲ್ಲ, ಅದರಲ್ಲಿ ನೀವು ಮಾಡಿದ್ದು. ಯಂತ್ರ ಕೊಂಡರೆ ಮೊದಲ ತಿಂಗಳು ಅದರ ರಿಪೇರಿಯಲ್ಲೇ ಹೋಗಬಹುದು. ಎಮ್ಯುಲೇಟರ್ ಹಾಕಿಕೊಳ್ಳಿ, ಆದರೆ ಸಾವಿರ ಆಟ ಒಟ್ಟಿಗೆ ಇಳಿಸಿಕೊಳ್ಳಬೇಡಿ. ಒಂದೊಂದನ್ನು ಎರಡೆರಡು ನಿಮಿಷ ಆಡಿ ಬೇಜಾರಾಗುತ್ತದೆ, ನನಗೆ ಹಾಗೇ ಆಯಿತು. ಖಾಲಿ ಪರದೆ ತೆರೆದು, ಅವತ್ತು ಅರ್ಧಕ್ಕೆ ನಿಂತ ಪ್ರೋಗ್ರಾಮ್ ಯಾವುದೋ ಅದನ್ನು ಬರೆಯಿರಿ. ಒಂದು ಇದ್ದೇ ಇರುತ್ತದೆ, ಅಲ್ವಾ?

ನಾನು ಬಾವಲಿಯಿಂದ ಶುರು ಮಾಡಿದೆ. ಮೊದಲ ಸಾಲು 10000001, ಎರಡನೆಯದು 11000011. ಅವೆರಡು ಕೈಗೆ ತಾವಾಗಿ ಬಂದವು. ಉಳಿದ ಆರನ್ನು ಚೌಕುಳಿ ಹಾಳೆ ತಂದು ಮತ್ತೆ ಬಿಡಿಸಿದೆ.