ಓದುಗರ ಪ್ರಶ್ನೆ: ಒಂದು ದಿನದ ಸಿಂಗಪುರ

ಪ್ರಶ್ನೆ: ಸಿಂಗಪುರದಲ್ಲಿ ನಮಗೆ ಸಿಗುವುದು ಒಂದೇ ದಿನ. ಚೈನಾಟೌನ್, ದೇವಸ್ಥಾನ, ಆರ್ಟ್ ಮ್ಯೂಸಿಯಂ ಎಲ್ಲ ಆಗುತ್ತವೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಧಾರಾಳವಾಗಿ. ಆದರೆ ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಮ್ಯೂಸಿಯಂ. ತಿರುಗಾಮುರುಗಾ ಮಾಡಿದರೆ ಉರಿಬಿಸಿಲಲ್ಲಿ ಮುಚ್ಚಿದ ಬಾಗಿಲಿಗೆ ಕೈಮುಗಿದು ಬರಬೇಕಾಗುತ್ತದೆ. ಚೈನಾಟೌನಿನ ಸೌತ್ ಬ್ರಿಡ್ಜ್ ರೋಡಿನಲ್ಲಿ 1827ರ ಮಾರಿಯಮ್ಮನ್ ದೇವಸ್ಥಾನ, ಕೂಗಳತೆಯಲ್ಲಿ ಜಾಮೆ ಮಸೀದಿ, ಅದೇ ರಸ್ತೆಯಲ್ಲಿ ಬುದ್ಧನ ದಂತ ದೇಗುಲ. ಪಕ್ಕದ ಪಗೋಡ ಸ್ಟ್ರೀಟಿಗೆ ಆ ಹೆಸರು ಬಂದದ್ದು ಮಾರಿಯಮ್ಮನ ಗೋಪುರದಿಂದಲೇ!

ಟ್ಯಾಕ್ಸಿಯವರಿಗೆ ಬರೀ ‘ಆರ್ಟ್ ಮ್ಯೂಸಿಯಂ’ ಎನ್ನಬೇಡಿ. ಸಿಂಗಪುರ್ ಆರ್ಟ್ ಮ್ಯೂಸಿಯಂ ಸಮಕಾಲೀನ ಕಲೆಯದು. 2022ರಿಂದ ಅದರ ಪ್ರದರ್ಶನಗಳು ತಾಂಜೊಂಗ್ ಪಗಾರ್ ಬಂದರಿನ ಗೋದಾಮು ಕಟ್ಟಡದಲ್ಲಿ ನಡೆಯುತ್ತಿವೆ. ಮೊದಲ ಸಲ ಹೋಗುವವರಿಗೆ ಸಿಟಿ ಹಾಲ್ ಮೆಟ್ರೊ ನಿಲ್ದಾಣದ ಹತ್ತಿರದ ನ್ಯಾಷನಲ್ ಗ್ಯಾಲರಿಯೇ ಸರಿ.

ಪ್ರಶ್ನೆ: ಸಿಂಗಪುರದ ನ್ಯಾಷನಲ್ ಗ್ಯಾಲರಿಯಲ್ಲಿ ಎಲ್ಲಿಂದ ನೋಡಲು ಶುರುಮಾಡಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಹಳೆಯ ಸಿಟಿ ಹಾಲ್ ಮತ್ತು ಸುಪ್ರೀಂ ಕೋರ್ಟ್ ಕಟ್ಟಡಗಳನ್ನು ಜೋಡಿಸಿ 2015ರಲ್ಲಿ ತೆರೆದ ಗ್ಯಾಲರಿ ಇದು. ಎರಡನ್ನೂ ಒಂದೇ ದಿನ ನೋಡಹೊರಟರೆ ಕಾಲು ಸೋಲುತ್ತದೆ, ಕಣ್ಣೂ ಸೋಲುತ್ತದೆ. ಸಿಟಿ ಹಾಲ್ ಭಾಗದ ಸಿಂಗಪುರ ಚಿತ್ರಗಳಿಗೆ ಎರಡು ಗಂಟೆ ಕೊಡಿ. ಚುವಾ ಮಿಯಾ ಟೀ 1959ರಲ್ಲಿ ಬರೆದ ‘ನ್ಯಾಷನಲ್ ಲ್ಯಾಂಗ್ವೇಜ್ ಕ್ಲಾಸ್’ ಮುಂದೆ ನಿಧಾನಿಸಿ: ದುಂಡುಮೇಜಿನ ಸುತ್ತ ಮಲಯ್ ಕಲಿಯಲು ಕೂತ ಜನ, ಹಿಂದಿನ ಹಲಗೆಯ ಮೇಲೆ ಎರಡೇ ಪ್ರಶ್ನೆ, ‘ನಿನ್ನ ಹೆಸರೇನು? ನೀನಿರುವುದೆಲ್ಲಿ?’ ಬ್ರಿಟಿಷರಿಂದ ಸ್ವಯಮಾಡಳಿತ ಸಿಕ್ಕ ವರ್ಷವೇ ಬರೆದ ಚಿತ್ರವಾದ್ದರಿಂದ ಅವು ಬರೀ ಪಾಠದ ಪ್ರಶ್ನೆಗಳಾಗಿ ಉಳಿಯುವುದಿಲ್ಲ. ಚೊಂಗ್ ಸೂ ಪಿಯೆಂಗ್‌ರ ‘ಡ್ರೈಯಿಂಗ್ ಸಾಲ್ಟೆಡ್ ಫಿಶ್’ ಸಿಗದಿದ್ದರೆ 50 ಡಾಲರ್ ನೋಟಿನ ಹಿಂಬದಿ ನೋಡಿ, ಅಲ್ಲಿದೆ. ಕೃತಿಗಳನ್ನು ಆಗಾಗ ಬದಲಿಸುತ್ತಾರೆ, ಕೌಂಟರಿನಲ್ಲಿ ವಿಚಾರಿಸಿಕೊಳ್ಳಿ.

ಆಮೇಲೆ ಮೇಲಿನ ಮಹಡಿಯ ಸೇತುವೆ ದಾಟಿ ಕೋರ್ಟ್ ಕಡೆ ಹೋದರೆ ಕೈದಿಗಳ ಕೋಣೆಗಳನ್ನು ಹಾಗೇ ಉಳಿಸಿರುವುದು ಕಾಣುತ್ತದೆ. ಏಸಿ ಜೋರು, ಶಾಲು ಇರಲಿ.

ಪ್ರಶ್ನೆ: ಮೆಟ್ರೊಗೆ ನಮ್ಮ ಕಾರ್ಡ್ ನಡೆಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಅಂತಾರಾಷ್ಟ್ರೀಯ ಬಳಕೆ ಚಾಲೂ ಇರುವ ಟ್ಯಾಪ್ ಮಾಡುವ ವೀಸಾ, ಮಾಸ್ಟರ್‌ಕಾರ್ಡ್ ನಡೆಯುತ್ತದೆ. ತಲೆಗೊಂದು ಕಾರ್ಡ್ ಬೇಕು. ಒಳಹೋಗುವಾಗ ಫೋನ್, ಹೊರಬರುವಾಗ ಕಾರ್ಡ್ ತಾಗಿಸಿದರೆ ಯಂತ್ರಕ್ಕೆ ಅದು ಎರಡು ಅರೆಬರೆ ಪ್ರಯಾಣ. ದುಡ್ಡು ಹೆಚ್ಚು ಕಡಿತವಾಗುತ್ತದೆ. ಇನ್ನು, ದೇಶದೊಳಗೆ ಹೋಗಲು ಬೇಕಾದ ವೀಸಾ ಬೇರೆ, ಆನ್‌ಲೈನಿನಲ್ಲಿ ತುಂಬುವ ಅರೈವಲ್ ಕಾರ್ಡ್ ಬೇರೆ. ಎರಡನೆಯದನ್ನು ತಲುಪುವ ಮುಂಚಿನ 3 ದಿನಗಳೊಳಗೆ ಸರ್ಕಾರಿ ತಾಣದಲ್ಲೇ ತುಂಬಿ, ಉಚಿತ. ಅದಕ್ಕೂ ಶುಲ್ಕ ಕೇಳುವ ತಾಣಗಳಿವೆ. ಗುಟ್ಕಾ, ಖೈನಿ, ಚೂಯಿಂಗ್ ಗಮ್ ಮನೆಯಲ್ಲೇ ಬಿಡಿ.