ಅರ್ಕಾ ಸಹನ್ ಗಿಡ ಕಡಿಯಬೇಡಿ
ಮೂರು ವರ್ಷದ ಅರ್ಕಾ ಸಹನ್ ಸೀತಾಫಲ ಹೂ ಬಿಡುತ್ತದೆ, ಕಾಯಿ ಕಚ್ಚುತ್ತಿಲ್ಲ, ಕಡಿದುಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ! ಇದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಐಲ್ಯಾಂಡ್ ಜೆಮ್ ಮತ್ತು ಮ್ಯಾಮತ್ ತಳಿಗಳನ್ನು ಕೂಡಿಸಿ ಮಾಡಿದ ಗಿಡ. ಸೀತಾಫಲದ ಹೂ ಮೊದಲು ಹೆಣ್ಣು, ಆಮೇಲೆ ಗಂಡು. ಹಾಗಾಗಿ ತನ್ನ ಪರಾಗ ತನಗೇ ಸಿಗುವುದು ಕಷ್ಟ. ನಾಟಿ ಸೀತಾಫಲದ ಪೂರ್ತಿ ಅರಳಿದ ಹೂವಿನಿಂದ ಸಣ್ಣ ಬ್ರಷ್‌ನಲ್ಲಿ ಪರಾಗ ತೆಗೆಯಿರಿ. ಬೆಳಗ್ಗೆ ಬೇಗ, ಅರ್ಕಾ ಸಹನ್‌ನ ಅರೆಬಿರಿದ ಹೂವಿನೊಳಗೆ ಮೆಲ್ಲಗೆ ಸವರಿ. ನಮ್ಮ ಗಿಡ ಕಾಯಿ ಹಿಡಿದದ್ದು ಹೀಗೆ ಮಾಡಿದ ಮೇಲೇ.

ಕಾಯಿಯ ಮೇಲಿನ ಕಣ್ಣುಗಳ (ಉಬ್ಬುಗಳ) ನಡುವಿನ ಗೆರೆ ಅಗಲವಾಗಿ ತಿಳಿ ಹಳದಿಯಾದಾಗ ಕೀಳಿ. ನಾಟಿ ಹಣ್ಣಿನಷ್ಟು ಬೇಗ ಮೆತ್ತಗಾಗುವುದಿಲ್ಲ, ಕಾಯಬೇಕು. ತಿರುಳು ಜಾಸ್ತಿ, ಬೀಜ ಕಡಿಮೆ, ತುಂಬಾ ಸಿಹಿ. ಬೀಜ ಜಗಿಯಬೇಡಿ, ವಿಷ.